ಕರೆಂಟ್ ಬಂತೆಂದು ಕೂಗುವ ಯಂತ್ರ

ನಮ್ಮ ಕಡೆ ಒಬ್ಬರನ್ನೊಬ್ಬರು ಕಂಡ ಕೂಡಲೇ ಕೇಳುವ ಪ್ರಶ್ನೆ ಎರಡು. ಒಂದು, "ಊಟ ಆತ?" ಇನ್ನೊಂದು, "ಕರೆಂಟ್ ಐತಿ?" ಮೊದಲನೆಯದಕ್ಕೆ ಹೊಟ್ಟೆ ಖಾಲಿ ಇದ್ದರೂ "ಆತ್ರಿ" ಅನ್ನಬೇಕು, ಅದು ಮರ್ಯಾದೆ. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎಂದು ನೇರವಾಗಿ ಉತ್ತರ ಕೊಟ್ಟ ಮನುಷ್ಯನನ್ನು ನಾನು ನಮ್ಮೂರು ಹಿಟ್ನಾಳದಲ್ಲಿ ಎಲ್ಲೂ ಕಂಡಿಲ್ಲ. "ಐತಿ, ಆದ್ರ ಇಲ್ಲ" ಅನ್ನುತ್ತಾರೆ. "ಬರೂ ಹಂಗ ಕಾಣ್ತೈತಿ" ಅನ್ನುತ್ತಾರೆ. "ನಿಮ್ಮ ಓಣ್ಯಾಗ ಹೆಂಗೈತಿ?" ಎಂದು ಪ್ರಶ್ನೆಯನ್ನೇ ತಿರುಗಿಸಿ ಕೊಡುತ್ತಾರೆ. ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಟಿವಿಯಲ್ಲಿ ಧಾರಾವಾಹಿಯ ಸೊಸೆ ಅಳುತ್ತಿರುತ್ತಾಳೆ. ಆದರೂ ನಮ್ಮವರು ಕರೆಂಟ್ ಇಲ್ಲ ಅನ್ನುತ್ತಾರೆ. ಹೊರಗಿನವರಿಗೆ ಇದು ಹುಚ್ಚಿನ ಹಾಗೆ ಕಾಣಬಹುದು. ಹುಚ್ಚಲ್ಲ. ಬಲ್ಬಿಗೂ ಫ್ಯಾನಿಗೂ ಒಂದು ತಂತಿಯ ಕರೆಂಟು ಸಾಕು. ಹೊಲದ ಪಂಪಿಗೆ, ಹಿಟ್ಟಿನ ಗಿರಣಿಗೆ ಮೂರೂ ತಂತಿಗಳಲ್ಲಿ ಬರಬೇಕು. ಎರಡು ತಂತಿಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೂರನೆಯದನ್ನು ಕರೆಂಟ್ ಆಫೀಸಿನವರು ತಮಗೆ ತಿಳಿದ ಹೊತ್ತಿಗೆ ಕೊಡುತ್ತಾರೆ, ತಮಗೆ ತಿಳಿದ ಹೊತ್ತಿಗೆ ತೆಗೆಯುತ್ತಾರೆ. ನಮ್ಮವರು ಕರೆಂಟ್ ಅಂದರೆ ಆ ಮೂರನೆಯ ತಂತಿ ಎಂದೇ ಅರ್ಥ.

ನನ್ನ ಸಂಸಾರ ನಿಂತಿರುವುದು ಆ ಮೂರನೆಯ ತಂತಿಯ ಮೇಲೆ. ನಾನು ಗಿಣಿಗೇರಾ ಹತ್ತಿರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ. ನನ್ನ ಹೆಂಡತಿ ಶರಣಮ್ಮ ಊರ ಅಂಚಿಗೆ, ನಮ್ಮ ಮನೆಯ ಮಗ್ಗುಲಲ್ಲೇ, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿ ನಮ್ಮ ಅವ್ವನ ಕಾಲದ್ದು. ಹೊಲಗಳಿಗೆ ಹೋಗುವ ಲೈನಿನಿಂದಲೇ ಅದಕ್ಕೂ ಕರೆಂಟು. ನಮ್ಮಲ್ಲಿ ಗಿರಣಿಯ ಪಾಳಿ ಎಂದರೆ ಮನುಷ್ಯರ ಪಾಳಿಯಲ್ಲ, ಡಬ್ಬಿಗಳ ಪಾಳಿ. ಮುಂಜಾನೆ ಹೆಣ್ಣುಮಕ್ಕಳು ಜೋಳದ ಡಬ್ಬಿ ತಂದು ಸಾಲಿನಲ್ಲಿ ಇಟ್ಟು ಮನೆಗೆ ಹೋಗುತ್ತಾರೆ. ಡಬ್ಬಿಯ ಜಾಗವನ್ನು ಯಾರೂ ಅಲುಗಿಸುವುದಿಲ್ಲ. ಆಸ್ತಿಯ ಗಡಿ ಕಲ್ಲನ್ನು ರಾತ್ರೋರಾತ್ರಿ ಸರಿಸುವ ಮಂದಿ ಕೂಡ ಗಿರಣಿಯ ಮುಂದಿನ ಡಬ್ಬಿಯನ್ನು ಸರಿಸಿದ ಉದಾಹರಣೆ ಇಲ್ಲ. ಕರೆಂಟು ಬಂತೆಂದು ಗೊತ್ತಾದರೆ ಡಬ್ಬಿಯ ಒಡತಿಯರೆಲ್ಲ ಓಡಿ ಬರುತ್ತಾರೆ.

ತೊಂದರೆ ಇರುವುದು "ಗೊತ್ತಾದರೆ" ಎಂಬಲ್ಲಿ. ಶರಣಮ್ಮ ಅಡುಗೆ ಮನೆಯಿಂದ ಆಗಾಗ ಬಂದು ಗಿರಣಿಯ ಸ್ವಿಚ್ ಹಾಕಿ ನೋಡುತ್ತಿದ್ದಳು. ಕರೆಂಟು ಇದ್ದರೆ ಮೋಟಾರು ತಿರುಗುತ್ತದೆ. ಇಲ್ಲದಿದ್ದರೆ ನಿಂತಲ್ಲೇ ಗುಂಯ್ ಎಂದು ನರಳುತ್ತದೆ, ತಕ್ಷಣ ಆರಿಸಬೇಕು. ಒಲೆಯ ಮೇಲೆ ಸಾರು ಉಕ್ಕಿದ ನೆನಪಾಗಿ ಆಕೆ ಆರಿಸುವುದನ್ನು ತಡ ಮಾಡಿದರೆ ಫ್ಯೂಜು ಹಾರುತ್ತದೆ. ಫ್ಯೂಜು ಹಾರಿದರೆ ನನಗೆ ಫೋನ್ ಬರುತ್ತದೆ. ಹೀಗೆ ಒಂದು ದಿನ ಫೋನ್ ಬಂದಾಗ ಆಕೆ ಅಂದಳು, "ಫ್ಯಾಕ್ಟರ್‍ಯಾಗ ಅಷ್ಟ ದೊಡ್ಡ ದೊಡ್ಡ ಮಿಷನ್ ನಾನ ನಡಸ್ತೀನಿ ಅಂತ ಊರಾಗೆಲ್ಲಾ ಹೇಳ್ಕೋತ ಅಡ್ಡಾಡ್ತೀರಿ. ಕರೆಂಟ್ ಬಂದ್ರ ಬಂತು ಅಂತ ಒದರೂ ಅಂಥಾದ್ದೊಂದು ಮಾಡಾಕ ಬರೂದಿಲ್ಲನ?"

ಮೂರನೆಯ ತಂತಿಗೆ ಒಂದು ಗಂಟೆ ಕಟ್ಟಿದ್ದರೆ ಸಾಕಿತ್ತಲ್ಲ ಅನ್ನುತ್ತೀರಿ. ಸಾಕಿತ್ತು. ಊರಿನ ಯಾವ ವೈರಮನ್ ಆದರೂ ಚಹಾ ಆರುವುದರೊಳಗೆ ಅದನ್ನು ಕಟ್ಟಿ ಹೋಗುತ್ತಿದ್ದ. ಆದರೆ ಜೀವಮಾನವಿಡೀ ಪಿಎಲ್‌ಸಿ ಜೊತೆ ಕಳೆದ ನಾನು ಬರೀ ಗಂಟೆ ಕಟ್ಟುವುದೇ? ಪಿಎಲ್‌ಸಿ ಎಂದರೆ ಕಾರ್ಖಾನೆಯ ಯಂತ್ರಗಳಿಗೆ ಈಗ ನಿಲ್ಲು, ಈಗ ನಡೆ ಎಂದು ಅಪ್ಪಣೆ ಕೊಡುವ ಸಣ್ಣ ಪೆಟ್ಟಿಗೆ. ನಾವು ಮೊದಲೇ ಬರೆದುಕೊಟ್ಟ ಬುದ್ಧಿಯಷ್ಟೇ ಅದರ ಬುದ್ಧಿ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಅಂಥದ್ದೊಂದನ್ನು ಹುಡುಕಿ ತಂದೆ. ಬೊಗಳುವ ನಾಯಿ ಸಾಕಾಗಿದ್ದ ಕಡೆ ಆನೆ ಕಟ್ಟಿದ ಹಾಗೆ.

ಇಲ್ಲಿ ಸ್ವಲ್ಪ ಕಸುಬಿನ ಮಾತು ಹೇಳಲೇಬೇಕು, ಬೇಸರ ಬೇಡ. ಆ ಪೆಟ್ಟಿಗೆಗೆ ಬಹಳ ಸೂಕ್ಷ್ಮ ಕಿವಿ. ಇಪ್ಪತ್ನಾಲ್ಕು ವೋಲ್ಟಿನ ಪಿಸುಮಾತು ಅದಕ್ಕೆ ಕೇಳುತ್ತದೆ. ಅದರ ಕಿವಿಗೆ ಲೈನಿನ ಇನ್ನೂರ ಮೂವತ್ತು ವೋಲ್ಟನ್ನು ನೇರವಾಗಿ ಹಾಕಿದರೆ, ತೊಟ್ಟಿಲ ಕೂಸಿನ ಪಕ್ಕ ಡೊಳ್ಳು ಬಾರಿಸಿದ ಹಾಗೆ. ಡೊಳ್ಳಿನ ಸದ್ದಿಗೆ ಕೂಸು ಅಳುತ್ತದೆ, ಇದು ಅಳುವುದೂ ಇಲ್ಲ, ಸುಟ್ಟು ಸುಮ್ಮನಾಗುತ್ತದೆ. ಅದಕ್ಕೆ ನಡುವೆ ಒಬ್ಬ ಮಧ್ಯಸ್ಥ ಬೇಕು. ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಒಬ್ಬಳು ಚಿಗವ್ವ ಇರುತ್ತಾಳಲ್ಲ, ಆ ಮನೆಯ ಮಾತನ್ನು ಹದ ಮಾಡಿ ಈ ಮನೆಗೆ ಮುಟ್ಟಿಸುವವಳು, ಹಾಗೆ. ನಮ್ಮ ಕಸುಬಿನಲ್ಲಿ ಆ ಚಿಗವ್ವ ಬೆರಳ ಉಗುರಿನಷ್ಟು ದೊಡ್ಡ ಒಂದು ಚಿಪ್ಪು. ಅದರೊಳಗೆ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಪುಟ್ಟ ಕಣ್ಣು. ಲೈನಿನಲ್ಲಿ ಕರೆಂಟು ಬಂದರೆ ದೀಪ ಹೊತ್ತುತ್ತದೆ, ಕಣ್ಣು ಅದನ್ನು ಕಂಡು ಪೆಟ್ಟಿಗೆಗೆ ಪಿಸುಗುಡುತ್ತದೆ. ದೀಪಕ್ಕೂ ಕಣ್ಣಿಗೂ ನಡುವೆ ತಂತಿಯ ಸಂಬಂಧವೇ ಇಲ್ಲ.

ಕಟ್ಟಿದೆ. ಪೆಟ್ಟಿಗೆ "ಬಂತು" ಎಂದರೆ ಗಿರಣಿಯ ಮಾಡಿನ ಮೇಲೆ ನಾನು ಕೂರಿಸಿದ ಸೈರನ್ ಕೂಗಬೇಕು. ಮೊದಲ ಸಲ ಕರೆಂಟು ಬಂದಾಗ ಅದು ಕೂಗಲಿಲ್ಲ, ನಡುಗಿತು. ಟರ್ರ್ ಎಂದು ಚಳಿ ಜ್ವರ ಬಂದವರ ಹಲ್ಲಿನ ಹಾಗೆ. ಕಾರಣ ಇಷ್ಟೇ. ನಾವು ಕರೆಂಟು ಒಂದೇ ಸಮ ಹರಿಯುತ್ತದೆ ಅಂದುಕೊಂಡಿರುತ್ತೇವೆ. ಹರಿಯುವುದಿಲ್ಲ. ಒಂದು ಸೆಕೆಂಡಿಗೆ ನೂರು ಸಲ ಅದು ಸೊನ್ನೆಗೆ ಇಳಿದು ಏಳುತ್ತದೆ. ನಮ್ಮ ಕಣ್ಣು ದಡ್ಡ, ತಿಳಿಯುವುದಿಲ್ಲ. ಪೆಟ್ಟಿಗೆ ಪ್ರಾಮಾಣಿಕ, ಬಂತು ಹೋಯಿತು ಬಂತು ಹೋಯಿತು ಎಂದು ಪ್ರತಿ ಸಲವೂ ವರದಿ ಒಪ್ಪಿಸುತ್ತಿತ್ತು. ಕರೆಂಟು ಸೆಕೆಂಡಿಗೆ ನೂರು ಸಲ ಹೋದರೂ ನಾವು ಏನೂ ಅನ್ನುವುದಿಲ್ಲ, ಸಂಜೆ ಒಂದು ಸಲ ಹೋದರೆ ಕರೆಂಟ್ ಆಫೀಸಿನವರ ಏಳು ತಲೆಮಾರನ್ನು ಎಳೆಯುತ್ತೇವೆ. ಪ್ರಪಂಚ ಹೀಗಿದೆ. ಯಾರಾದರೂ ಹೋದರೆಂದು ಕೇಳಿದ ಕೂಡಲೇ ನಂಬಬೇಡ, ಸ್ವಲ್ಪ ತಾಳು, ವಾಪಸು ಬಾರದಿದ್ದರೆ ಮಾತ್ರ ಹೋದರೆಂದು ತಿಳಿ ಎಂದು ಪೆಟ್ಟಿಗೆಗೆ ಬುದ್ಧಿ ಬರೆದೆ. ಸೈರನ್ ಚೊಕ್ಕಟವಾಗಿ ಕೂಗಿತು. ಓಣಿಯ ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ನಾನು ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಲೈಕುಗಳೇನೋ ಬಹಳ ಬಂದವು. ಲೈಕ್ ಒತ್ತಿದವರಲ್ಲಿ ನಮ್ಮ ಗಿರಣಿಗೆ ಜೋಳ ತರುವವರು ಒಬ್ಬರೂ ಇರಲಿಲ್ಲ.

ಆ ವಾರವೇ ಹುಲಿಗೆವ್ವಕ್ಕನ ಮಗಳ ಮದುವೆಯ ಜೋಳ ಬಂತು. ಹುಲಿಗೆವ್ವಕ್ಕ ನಮ್ಮ ಓಣಿಯ ಹಿರಿಯಳು. ಆಕೆಯ ಮನೆಯಲ್ಲಿ ಮದುವೆ ಎಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಖಡಕ್ ರೊಟ್ಟಿ ಬಡಿಯುತ್ತಾರೆ, ಪೇರಿಸಿದ ರೊಟ್ಟಿ ಎಣಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಸೋಮವಾರ ಮುಂಜಾನೆ ರೊಟ್ಟಿ ಶುರು. ಅಷ್ಟರೊಳಗೆ ಚೀಲಗಟ್ಟಲೆ ಜೋಳ ಹಿಟ್ಟಾಗಬೇಕು. ಮದುವೆಯ ಜೋಳ ನಮ್ಮ ಗಿರಣಿಗೇ ಬರುವುದು ಅವ್ವನ ಕಾಲದಿಂದ ನಡೆದುಕೊಂಡು ಬಂದದ್ದು. ಈಗ ಗಿಣಿಗೇರಾದಲ್ಲಿ ದಿನವಿಡೀ ಕರೆಂಟಿರುವ ಹೊಸ ಗಿರಣಿ ಆಗಿದೆ. ಹುಲಿಗೆವ್ವಕ್ಕ ಒಂದು ಸಲ ಅಲ್ಲಿಗೆ ಹೋದರೆ ಹಿಂದೆಯೇ ಓಣಿ ಹೋಗುತ್ತದೆ. ಇದು ಶರಣಮ್ಮನಿಗೆ ಗೊತ್ತಿತ್ತು. ಅವ್ವ ತೀರಿಕೊಂಡ ಮೇಲೆ ಗಿರಣಿ ಮಾರಿಬಿಡೋಣ ಎಂದು ನಾನೇ ಎರಡು ಮೂರು ಸಲ ಅಂದಿದ್ದೆ. "ನಿಮಗ ಬ್ಯಾಡಾದ್ರ ಬಿಡ್ರಿ, ನನಗ ಬೇಕು" ಎಂದು ಹಟ ಹಿಡಿದು ಉಳಿಸಿಕೊಂಡವಳು ಆಕೆ.

ಸರಿಯಾಗಿ ಆಗಲೇ ಸೈರನ್ ಸುಳ್ಳು ಹೇಳಲು ಶುರು ಮಾಡಿತು.

ಮಧ್ಯಾಹ್ನ ಕೂಗಿತು. ಎಲ್ಲರೂ ಓಡಿ ಬಂದರು. ಶರಣಮ್ಮ ಸ್ವಿಚ್ ಹಾಕಿದಳು. ಗುಂಯ್. ಫ್ಯೂಜು ಹಾರಿತು. ಸಂಜೆ ಮತ್ತೆ ಕೂಗಿತು, ಮತ್ತೆ ಓಡಿ ಬಂದರು, ಮತ್ತೆ ಗುಂಯ್. ಮರುದಿನವೂ ಹಾಗೇ. ರೊಟ್ಟಿಯ ಹೆಂಚನ್ನು ಒಲೆಯ ಮೇಲೇ ಬಿಟ್ಟು ಬಂದವರು, ಅರ್ಧ ತಲೆ ಹೆಣೆದ ಮಗಳನ್ನು ಹಾಗೇ ಕೂರಿಸಿ ಬಂದವರು ಎಲ್ಲ ಸೊಂಟದ ಮೇಲೆ ಕೈ ಇಟ್ಟು ನಿಂತರು. ಹುಲಿಗೆವ್ವಕ್ಕ ನನ್ನ ಮುಖಕ್ಕೇ ಅಂದಳು, "ಯಪ್ಪಾ, ನಿನ್ನ ಮಿಷನ್ನಿಗೆ ಕಣ್ಣ ಅದಾವೋ ಇಲ್ಲೋ? ಇಲ್ಲದ ಕರೆಂಟ್ ಕಂಡು ಒದರತೈತಲ್ಲೋ!"

ನಾನು ಮೀಟರ್ ಹಿಡಿದು ಕೂತೆ. ಕಾರಣ ಗಿರಣಿಯಲ್ಲಿ ಇರಲಿಲ್ಲ, ಹೊಲದಲ್ಲಿತ್ತು. ನಮ್ಮ ಹಿಂದಿನ ಹೊಲದ ಈರಪ್ಪ ಕಾಕಾ ಮೂರನೆಯ ತಂತಿಗೆ ಕಾಯುವ ಪೈಕಿ ಅಲ್ಲ. ನಮ್ಮ ಕಡೆ ಅನೇಕರ ಹಾಗೆ ಪಂಪಿಗೆ ಕಂಡೆನ್ಸರ್ ಹಾಕಿ, ಇರುವ ಎರಡೇ ತಂತಿಗಳಲ್ಲಿ ಮೂರನೆಯದನ್ನು ಹುಟ್ಟಿಸಿ ನೀರು ಎತ್ತುತ್ತಾರೆ. ನಿಯಮದ ಪ್ರಕಾರ ಹಾಗೆ ಮಾಡುವಂತಿಲ್ಲ. ನೀರಿಗೆ ನಿಯಮ ಗೊತ್ತಿಲ್ಲ, ಬರುತ್ತದೆ. ಹಾಗೆ ತಿರುಗುವ ಮೋಟಾರು ಸುಮ್ಮನಿರದೆ ಸತ್ತು ಬಿದ್ದ ಮೂರನೆಯ ತಂತಿಗೂ ಸ್ವಲ್ಪ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ದೊಡ್ಡ ಗಿರಣಿಯನ್ನು ತಿರುಗಿಸಲು ಸಾಲದು, ನನ್ನ ಚಿಪ್ಪಿನ ಪುಟ್ಟ ದೀಪ ಹೊತ್ತಿಸಲು ಧಾರಾಳ ಸಾಕು. ಎರಡು ತಂತಿ ಹೇಗೂ ಇರುತ್ತವೆ, ಮೂರನೆಯದೊಂದನ್ನು ನೋಡಿಕೊಂಡರೆ ಆಯಿತು, ಅದರಲ್ಲಿ ಏನಾದರೂ ಇದ್ದರೆ ಕರೆಂಟ್ ಬಂದಂತೆ ಎಂದುಕೊಂಡ ಬುದ್ಧಿವಂತ ನಾನೇ. ಅಂದರೆ ಆ ಎರಡು ದಿನ ನನ್ನ ಸೈರನ್ ಊರಿಗೆಲ್ಲ ಸಾರುತ್ತಿದ್ದದ್ದು ಒಂದೇ ಸುದ್ದಿ: ಈರಪ್ಪ ಕಾಕಾ ಪಂಪು ಹಚ್ಚಿದ್ದಾರೆ.

ಈ ಸುದ್ದಿ ಕಾಕಾಗೆ ನನಗಿಂತ ಮೊದಲೇ ತಿಳಿದಿತ್ತು. ಬಾಗಿಲಿಗೇ ಬಂದರು. "ಅಲ್ಲೋ ತಮ್ಮಾ, ನಾ ಅತ್ಲಾಗ ಗುಂಡಿ ಒತ್ತೂದಕ್ಕ ನೀ ಇತ್ಲಾಗ ಬೊಬ್ಬಿ ಹೊಡಸ್ತಿ. ಕರೆಂಟ್ ಆಫೀಸಿನವ್ರು ಬಂದು ನಿನ್ನ ಗಿರಣಿ ಮುಂದ ಚಾಪಿ ಹಾಸ್ಕೊಂಡು ಕುಂತ್ರ ಸಾಕು, ನಾ ಸಿಕ್ಕ ಬಿದ್ದಂಗ. ನಿಮ್ಮಪ್ಪಗೂ ನನಗೂ ಎಂಥಾ ದೋಸ್ತಿ ಇತ್ತು, ನಿನಗ ನನ್ನ ಮ್ಯಾಲೆ ಏನ್ ಸಿಟ್ಟು?"

"ಸಿಟ್ಟೇನಿಲ್ಲ ಕಾಕಾ, ಮಿಷನ್ ಸೂಕ್ಷ್ಮ ಐತಿ."

"ಸೂಕ್ಷ್ಮ ಇದ್ರ ಮನ್ಯಾಗ ಇಟಗೋ!"

ನಾನು ಪೆಟ್ಟಿಗೆಯನ್ನು ಬಿಚ್ಚಿ ಕಾರ್ಖಾನೆಗೆ ಒಯ್ದೆ. ಸಾಹೇಬರನ್ನು ಕೇಳಿ, ಊಟದ ಬಿಡುವಿನಲ್ಲಿ, ಚಿಪ್ಪಿನ ಮುಂದೆ ಒಂದು ತಿರುಪು ಕೂರಿಸಿದೆ. ತಿರುಪು ಬಿಗಿ ಮಾಡಿದಷ್ಟೂ ದೀಪ ಹೊತ್ತಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡಿ ಮಾಡಿ ಚೆನ್ನಾಗಿ ಬಿಗಿದೆ. ಇನ್ನೂರ ಹತ್ತು ವೋಲ್ಟಿಗಿಂತ ಕಡಿಮೆ ಬಂದವರಿಗೆ ಪ್ರವೇಶವಿಲ್ಲ. ಕಾಕಾನ ಕಳ್ಳ ಕರೆಂಟು ಈ ಬಾಗಿಲಲ್ಲಿ ಹೇಗೆ ನುಸುಳುತ್ತದೆ ನೋಡೇಬಿಡೋಣ ಎಂದು ತಂದು ಕಟ್ಟಿದೆ.

ಶನಿವಾರ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಮನೆಗೆ ಬಂದಾಗ ಗಿರಣಿಯ ಮುಂದಿನ ಬೇವಿನ ನೆರಳಲ್ಲಿ ಹೆಣ್ಣುಮಕ್ಕಳು ಕೂತಿದ್ದರು. ಡಬ್ಬಿಗಳು ಸಾಲಾಗಿದ್ದವು, ಹುಲಿಗೆವ್ವಕ್ಕನ ಚೀಲಗಳು ಗೋಡೆಗೆ ಒರಗಿದ್ದವು. ಸೈರನ್ ಗಂಭೀರವಾಗಿ ಸುಮ್ಮನಿತ್ತು. "ಮುಂಜಾನಿಂದ ಒಂದ್ಸಲನೂ ಸುಳ್ಳ ಹೇಳಿಲ್ಲ ಹೌದಿಲ್ಲೋ?" ಎಂದು ನಾನು ಮೀಸೆ ತಿರುವಿದೆ. "ಇಲ್ಲ ಬಿಡ್ರಿ, ಉಸಿರ ಎತ್ತಿಲ್ಲ" ಎಂದಳು ಶರಣಮ್ಮ. ಆಕೆಯೂ ನನ್ನನ್ನು ನಂಬಿ ಅಂದು ಸ್ವಿಚ್ ಹಾಕಿ ನೋಡುವುದನ್ನು ಬಿಟ್ಟಿದ್ದಳು. ನಂಬಿಕೆಯ ಕಷ್ಟವೇ ಅದು.

ಅಷ್ಟರಲ್ಲಿ ಈರಪ್ಪ ಕಾಕಾ ಬೈಕಿನ ಮೇಲೆ ಹೊಲದಿಂದ ಬಂದರು. ಮೊಣಕಾಲ ತನಕ ಕೆಸರು. ಗಾಡಿ ನಿಲ್ಲಿಸಿ ಎಲ್ಲರನ್ನೂ ನೋಡಿದರು. "ಏನ್ರವಾ, ಕರೆಂಟ್ ಬಂದು ಎಷ್ಟೊತ್ತಾತು, ನೀವ್ ಇನ್ನೂ ಇಲ್ಲೇ ಕುಂತೀರಿ? ನಂದು ಮೆಣಸಿನಗಿಡಕ್ಕ ನೀರ ಹಾಯಿಸೂದ ಮುಗದೇ ಹೋತು. ಖರೆ ಕರೆಂಟ್‌ಲೇ ಹಾಯಿಸಿನಿ ಮತ್ತ!" ಕೊನೆಯ ಮಾತು ನನ್ನ ಕಡೆ ತಿರುಗಿ.

ಶರಣಮ್ಮ ಎದ್ದು ಹೋಗಿ ಸ್ವಿಚ್ ಹಾಕಿದಳು. ಗಿರಣಿ ಗರಗರ ತಿರುಗಿತು. ನಾನು ಓಡಿ ಮೀಟರ್ ಹಚ್ಚಿದೆ. ನೂರಾ ತೊಂಬತ್ತು ತೋರಿಸಿತು. ಸುತ್ತಲ ಹೊಲಗಳ ಪಂಪುಗಳೆಲ್ಲ ಒಮ್ಮೆಲೇ ಶುರುವಾದಾಗ ನಮ್ಮೂರ ಲೈನಿನಲ್ಲಿ ಉಳಿಯುವುದೇ ಅಷ್ಟು. ಕಾರ್ಖಾನೆಯ ಮೇಜಿನ ಮೇಲೆ ಕೆಚ್ಚಲು ತುಂಬಿದ ಎಮ್ಮೆಯಂಥ ಕರೆಂಟು ಕಂಡು ತಿರುಪು ಬಿಗಿದಿದ್ದೆನಲ್ಲ, ಆ ಅಳತೆಗೆ ನಮ್ಮೂರ ಕರೆಂಟು ಕರೆಂಟೇ ಅಲ್ಲ. ಮೊದಲು ನನ್ನ ಯಂತ್ರ ಗಾಳಿಮಾತನ್ನೆಲ್ಲ ನಂಬುತ್ತಿತ್ತು, ಈಗ ಸಾಕ್ಷಿ ಸಮೇತ ಬಂದವನನ್ನೂ ನಂಬುತ್ತಿರಲಿಲ್ಲ. ಮೊದಲನೆಯ ಡಬ್ಬಿ ಇನ್ನೂ ಪೂರ್ತಿ ಇಳಿದಿರಲಿಲ್ಲ, ಗಿರಣಿ ನಿಧಾನವಾಗಿ, ಮರ್ಯಾದೆಯಿಂದ, ನಿಂತಿತು. ಕರೆಂಟು ಹೋಗಿತ್ತು.

ಹುಲಿಗೆವ್ವಕ್ಕ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಮಾಡಲಿಲ್ಲ. "ಶರಣವ್ವಾ, ನಾಳಿ ಸಂಜಿ ತನಕಾ ನೋಡ್ತೀನಿ ಯವ್ವಾ. ಆಗಲಿಲ್ಲಂದ್ರ ಟಂಟಂನ್ಯಾಗ ಹೇರ್ಕೊಂಡು ಗಿಣಿಗೇರಿಗೆ ಹೋಗೂದ. ರೊಟ್ಟಿ ಬಡಿಯೋರಿಗೆ ಸೋಮವಾರ ಅಂತ ಹೇಳಿಬಿಟ್ಟೀನಿ, ಹಿಟ್ಟಿಲ್ಲದ ಏನ್ ಬಡಿಯಾಕ ಹಚ್ಚಲಿ, ನಿನ್ನ ಗಂಡನ್ನ ಬಡಿಯಾಕ ಹಚ್ಚಲೇನು?" ಎಲ್ಲರೂ ನಕ್ಕರು. ಶರಣಮ್ಮ ನಗಲಿಲ್ಲ. ಆಕೆ ಗಿರಣಿಯ ತೊಟ್ಟಿಯಲ್ಲಿ ಉಳಿದ ಜೋಳವನ್ನು ಕೈಯಿಂದ ಬಳಿದು ಡಬ್ಬಿಗೆ ವಾಪಸು ಹಾಕುತ್ತಿದ್ದಳು. ಅಂದು ಆಕೆ ನನ್ನ ಜೊತೆ ಜಗಳವಾಡಲೂ ಇಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಭಾನುವಾರ ಮುಂಜಾನೆ ಎರಡನೆಯ ಪಾಳಿಗೆ ಹೋಗುವ ಮೊದಲು ಕಾಕಾನ ಹೊಲಕ್ಕೆ ಹೋದೆ. ಖರೆ ಕರೆಂಟಿನ ಅಳತೆ ಸಿಕ್ಕಿತ್ತು, ಸುಳ್ಳು ಕರೆಂಟಿನ ಅಳತೆ ಬೇಕಿತ್ತು. ಅದು ಕಾಕಾ ಮನಸ್ಸು ಮಾಡಿದರಷ್ಟೇ ಸಿಗುವಂಥದ್ದು.

"ಕಾಕಾ, ಒಂದ್ ಸ್ವಲ್ಪ ಹೊತ್ತು ಕಂಡೆನ್ಸರ್ ಮ್ಯಾಲೆ ಪಂಪ್ ಹಚ್ರಿ."

"ಎಂಥಾ ಕಂಡೆನ್ಸರ್? ನನ್ನ ಹತ್ರ ಅಂಥಾದ್ದೇನಿಲ್ಲ."

"ನಿಮ್ಮ ಹಿಂದ ಕಾಣಾಕತ್ತೈತ್ರಿ."

ಕಾಕಾ ಹಿಂದೆ ತಿರುಗಿ ನೋಡಿ, ಅದನ್ನು ಈಗಷ್ಟೇ ಕಂಡವರ ಹಾಗೆ ಮುಖ ಮಾಡಿದರು. "ಹಿಂಗ ಹಚ್ಚಬಾರದು, ತಪ್ಪು ಅಂತ ಮಂದಿ ಹೇಳ್ತಾರಪಾ."

"ಇವತ್ತ ಹಚ್ಚಿದ್ರ ಮುಂದ ಸೈರನ್ ನಿಮ್ಮ ಹೆಸರ ಎತ್ತೂದಿಲ್ಲ. ಹಚ್ಚಲಿಲ್ಲಂದ್ರ ದಿನಾ ಒದರತೈತಿ."

"ಹಂಗಂದ್ರ, ಒಂದ್ಸಲ ತಪ್ಪ ಮಾಡಿದ್ರ ಆಮ್ಯಾಲೆ ಮಾಡೂ ತಪ್ಪೆಲ್ಲಾ ಮಾಫ್ ಅಂದಂಗಾತು" ಎಂದು ಕಾಕಾ ಧಾರಾಳವಾಗಿ ನಕ್ಕು ಗುಂಡಿ ಒತ್ತಿದರು. ಗಿರಣಿಗೆ ಓಡಿ ಬಂದು ಮೀಟರ್ ಹಿಡಿದೆ. ಸುಳ್ಳು ಕರೆಂಟು ಎಷ್ಟು ಹಾರಾಡಿದರೂ ನೂರನ್ನು ದಾಟಲಿಲ್ಲ. ಖರೆಯದು ನೂರಾ ತೊಂಬತ್ತು. ತಿರುಪನ್ನು ನೂರೈವತ್ತಕ್ಕೆ ತಂದು ನಿಲ್ಲಿಸಿದೆ. ಇಷ್ಟು ಸಣ್ಣ ಕೆಲಸ. ಗಿರಣಿಯಲ್ಲೇ ಕೂತು ಮೊದಲ ದಿನವೇ ಮಾಡಬಹುದಿತ್ತು. ಆಮೇಲೆ ಶಿಫ್ಟಿಗೆ ಹೋದೆ. ಶರಣಮ್ಮ ಬುತ್ತಿ ಕಟ್ಟಿಕೊಟ್ಟು ಡಬ್ಬಿಗಳ ಸಾಲಿನ ಕಡೆ ಹೋದಳು.

ಕಾರ್ಖಾನೆಯಲ್ಲಿ ಅಂದು ನಾನು ಕೆಲಸ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಕಳೆಯುತ್ತ ಬಂತು. ಟಂಟಂ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಆಗ ಫೋನ್ ಬಂತು. ಆ ಕಡೆಯಿಂದ ಮೊದಲು ಕೇಳಿದ್ದು ಸೈರನ್, ಅದರ ಮೇಲೆ ಶರಣಮ್ಮನ ದನಿ.

"ಏನ್ರಿ, ಒದರಾಕತ್ತೈತಿ."

"ಮತ್ತ ಗಿರಣಿ ಹಚ್ಚು!"

"ಯಾರೂ ಒಳಗ ಬರವಲ್ರು. ಹುಲಿಗೆವ್ವಕ್ಕ ಕಟ್ಟಿ ಮ್ಯಾಲಿಂದ ಏಳವಲ್ಲಳು. ಇದು ಖರೆ ಕರೆಂಟೋ, ಕಾಕಾನ ಕರೆಂಟೋ?"

"ಖರೆನ ಇರಬೇಕು."

"ಇರಬೇಕು ಅಂದ್ರ? ಮತ್ತೊಂದು ಫ್ಯೂಜ್ ಹಾರಿದ್ರ ಈ ಮಂದಿ ಎದ್ದು ಹೊಂಟು ಬಿಡ್ತಾರ. ಐತೋ ಇಲ್ಲೋ, ಒಂದ್ ಮಾತು ಹೇಳ್ರಿ."

ಹೌದು ಅನ್ನಲೇ, ಇಲ್ಲ ಅನ್ನಲೇ? ನನ್ನ ತಿರುಪು, ನನ್ನ ಅಳತೆ, ನಾನೇ ಬರೆದ ಬುದ್ಧಿ. ಆದರೂ ಬಾಯಿಗೆ ಬಂದದ್ದು ಇಷ್ಟೇ: "ಸ್ವಿಚ್ ಹಾಕಿ ನೋಡು, ಗೊತ್ತಾಗ್ತೈತಿ."

ಆಕೆ ನಿಧಾನವಾಗಿ ಕೇಳಿದಳು, "ಇಷ್ಟ ಹೇಳಾಕ ಒಂದ್ ಮಿಷನ್ನೂ ಬೇಕು, ಒಬ್ಬ ಗಂಡನೂ ಬೇಕನ್ರಿ?"

ಆಕೆ ಫೋನ್ ಇಡಲಿಲ್ಲ. ಟಕ್ ಎಂದು ಸ್ವಿಚ್ ಬಿದ್ದದ್ದು ಕೇಳಿಸಿತು. ಮೋಟಾರು ಒಂದು ಕ್ಷಣ ಗುಂಯ್ ಅಂದಿತು, ನನ್ನ ಎದೆಯೂ ಅಂದಿತು. ಆಮೇಲೆ ಬೆಲ್ಟು ಪಟಪಟ ಬಡಿದು, ಕಲ್ಲು ಹಿಡಿದು, ಗಿರಣಿ ಏರು ದನಿಯಲ್ಲಿ ತಿರುಗತೊಡಗಿತು. ಹಿಂದೆಯೇ ಹುಲಿಗೆವ್ವಕ್ಕನ ದನಿ, "ಹಾಕವಾ, ಹಾಕು, ನನ್ನ ಚೀಲ ಮೊದಲ ಹಾಕು!" ಆಮೇಲೆ ಯಾರಿಗೂ ನನ್ನ ನೆನಪಿರಲಿಲ್ಲ. ಫೋನು ಹಿಟ್ಟಿನ ಡಬ್ಬಿಯ ಮೇಲೆ ತನ್ನಷ್ಟಕ್ಕೆ ಬಿದ್ದಿರಬೇಕು, ನಾನು ಬಹಳ ಹೊತ್ತು ಗಿರಣಿಯ ಸದ್ದು ಕೇಳುತ್ತ ನಿಂತಿದ್ದೆ.

ಚೀಲಗಳೆಲ್ಲ ಅಂದೇ ಮುಗಿದವು. ಸೋಮವಾರ ಹುಲಿಗೆವ್ವಕ್ಕನ ಅಂಗಳದಲ್ಲಿ ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಯ ತನಕ ಕೇಳಿತು. ಶರಣವ್ವ ಮಾತು ಉಳಿಸಿಕೊಂಡಳು ಎಂದು ಹುಲಿಗೆವ್ವಕ್ಕ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಸೈರನ್ ಬಗ್ಗೆಯಾಗಲಿ ಅದನ್ನು ಕಟ್ಟಿದವನ ಬಗ್ಗೆಯಾಗಲಿ ಏನೂ ಹೇಳಿದ ಹಾಗಿಲ್ಲ.

ಯಂತ್ರ ಅಂದಿನಿಂದ ಸುಳ್ಳು ಹೇಳಿಲ್ಲ, ಖರೆಯನ್ನು ಮುಚ್ಚಿಟ್ಟೂ ಇಲ್ಲ. ಶರಣಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ನೆನಪಿಸಲೂ ಹೋಗಿಲ್ಲ. ಎರಡರಲ್ಲಿ ಒಂದು ಸಾಕೆಂದು ಆಕೆ ಯಾವತ್ತಾದರೂ ತೀರ್ಮಾನಿಸಿದರೆ ಯಂತ್ರದ ಕಡೆಯೇ ನ್ಯಾಯ ಹೆಚ್ಚು. ಅದು ತಿದ್ದಿದರೆ ತಿದ್ದಿಕೊಳ್ಳುತ್ತದೆ, ಮೀಸೆ ತಿರುವುವುದಿಲ್ಲ, ತನ್ನ ಫೋಟೋ ತಾನೇ ತೆಗೆದು ಮಂದಿಗೆ ತೋರಿಸುವುದಿಲ್ಲ. ಪುಣ್ಯಕ್ಕೆ ಅದಕ್ಕೆ ನನ್ನ ಹಾಗೆ ಜೋಳದ ಚೀಲ ಎತ್ತಿ ಗಿರಣಿಯ ತೊಟ್ಟಿಗೆ ಸುರಿಯಲು ಬರುವುದಿಲ್ಲ. ಆ ಒಂದು ಕೆಲಸದ ಮೇಲೆ ಮನೆಯಲ್ಲಿ ನನ್ನ ನೌಕರಿ ಸದ್ಯಕ್ಕೆ ಭದ್ರವಾಗಿದೆ.